ಆರನೆಯ ರಾತ್ರಿಯ ಅಂಕಿ

ಕುತ್ತಿಗೆಯ ಮೇಲೆ ಬಿದ್ದದ್ದು ನೀರು, ಹಿಮ ಅಲ್ಲ, ಹಿಮವಾಗಿದ್ದರೆ ಒಂದು ಗಳಿಗೆ ಕೂತು ಯೋಚನೆ ಮಾಡಿ ಆಮೇಲೆ ಕರಗುತ್ತಿತ್ತು, ಇದು ಬಿದ್ದ ಕೂಡಲೇ ಸ್ವೆಟರಿನೊಳಗೆ ಇಳಿಯಿತು — ಸೂರಿನಿಂದ ಇನ್ನೊಂದು ಹನಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಟಪ್, ಭಾನುವಾರ, ಏಳಕ್ಕೆ ಇನ್ನೂ ಮೂರು ನಿಮಿಷ ಇದೆ, ಏಳು ಹೊಡೆಯುವವರೆಗೆ ಪೆಟ್ಟಿಗೆಯ ಬಾಗಿಲು ಮುಟ್ಟುವಂತಿಲ್ಲ, ಇಪ್ಪತ್ತೆರಡು ವರ್ಷದಿಂದ ಹಾಗೇ, ಹಿತ್ತಿಲಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ, ಹೊಸಬರು ಜೇನು ಸಾಕಿದ್ದೀರಾ ಅಂತ ಕೇಳುತ್ತಾರೆ, ಜೇನಲ್ಲ ಸ್ವಾಮಿ, ಒಳಗಿರುವುದು ಥರ್ಮಾಮೀಟರು, ನಾನು ಈ ಊರಿನ ಚಳಿ ಓದುವವಳು, ಮಕ್ಕಳ ಬಾಯಲ್ಲಿ ಮೈನಸ್ ಅಕ್ಕ, ಬ್ರೆಡ್ ಅಂಗಡಿಯವಳ ಬಾಯಲ್ಲಿ ಕೂಡ ಮೈನಸ್ ಅಕ್ಕ, ಅತ್ತೆಯ ಬಾಯಲ್ಲಿ ಮಾತ್ರ ನಮ್ಮ ಪಂಡಿತೆ. ಅತ್ತೆಗೆ ಪೆಟ್ಟಿಗೆ ಬೇಡ, ಅವರಿಗೆ ಎಡ ಮಂಡಿ ಇದೆ, ನಿನ್ನ ಗಾಜಿನ ಕೊಳವೆ ಹೇಳೋದಕ್ಕೆ ಮೊದಲೇ ನನ್ನ ಮಂಡಿ ಹೇಳುತ್ತೆ ಕಣೇ, ಅಂತ ಇಪ್ಪತ್ತೆರಡು ವರ್ಷದಿಂದ ಪೈಪೋಟಿ, ಈ ವಾರವಂತೂ ಮಂಡಿಯೂ ಕಂಗಾಲು, ಸೋಮವಾರ ಬಿಸಿಲು ಬಂತು ಅಂತ ಹೊರಗೆ ಕುರ್ಚಿ ಹಾಕಿಸಿಕೊಂಡರು, ಮಂಗಳವಾರ ಆ ಕುರ್ಚಿಯನ್ನು ಹಿಮದೊಳಗಿಂದ ಅಗೆದು ತೆಗೆದೆ, ಬುಧವಾರ ಆಕಾಶ ತೊಳೆದಿಟ್ಟ ತಟ್ಟೆ, ಗುರುವಾರ — ಗುರುವಾರದ ಮಾತು ಆಮೇಲೆ — ಶುಕ್ರವಾರ ಮಳೆ, ಈ ತಿಂಗಳಲ್ಲಿ ಮಳೆ, ಶನಿವಾರ ಎದುರು ಮನೆಯೂ ಕಾಣದ ಮಂಜು, ಉತ್ತರದ ಈ ಸಣ್ಣ ಊರಿಗೆ ಹವೆ ಬದಲಾಯಿಸುವುದು ಹೊಸದಲ್ಲ, ಆದರೆ ಒಂದೇ ವಾರದಲ್ಲಿ ಅಂಗಡಿಯ ಬಟ್ಟೆಯನ್ನೆಲ್ಲ ಇಳಿಸಿ ಉಟ್ಟು ನೋಡುವ ಹಾಗೆ ಆಡಿದ್ದು ಇದೇ ಮೊದಲು, ನಾನು ನೋಡಿದ ಮಟ್ಟಿಗೆ. ಒಳಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು, ಕೆಮ್ಮು, ಇವರ ಕೆಮ್ಮು, ಇವರು ಇದ್ದಾರೆ, ಒಳಗೆ ಇದ್ದಾರೆ, ಚಹಾಕ್ಕೆ ನೀರಿಟ್ಟುಕೊಂಡು ಕೆಮ್ಮುತ್ತಿದ್ದಾರೆ, ಆ ಕೆಮ್ಮನ್ನು ಕೇಳಿ ಇಷ್ಟು ಸುಖ ಆಗಬಹುದು ಅಂತ ಯಾರಾದರೂ ಹೋದ ವಾರ ಹೇಳಿದ್ದರೆ ನಗುತ್ತಿದ್ದೆ.

ಹೋದ ವಾರ ಮಾತೇ ಇರಲಿಲ್ಲವಲ್ಲ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ, ನಮ್ಮದು ಹದಿನಾರು ದಿನ ಉಂಡಿತು, ಹದಿನಾರು ದಿನ ಮಲಗಿತು, ಇವರು ಹಾಲ್‌ನಲ್ಲಿ, ಸೋಫಾದ ಮೇಲೆ, ಕಾಲು ಹೊರಗೆ ಚಾಚಿ, ನಾನು ಬೀದಿ ಕಡೆಯ ಕೋಣೆಯಲ್ಲಿ ಎರಡು ಹೊದಿಕೆ ಹೊದ್ದು — ಒಂದು ಅವರ ಪಾಲಿನದು, ಹಟಕ್ಕೆ ಬಿಟ್ಟು ಹೋದದ್ದು, ಹಟಕ್ಕೆ ನಾನೂ ಹೊದ್ದದ್ದು. ಆಗಿದ್ದಾದರೂ ಏನು, ಹವಾಮಾನ ಇಲಾಖೆಯಿಂದ ಕಾಗದ ಬಂತು, ಇನ್ನೆರಡು ವರ್ಷದಲ್ಲಿ ಎಲ್ಲ ಕಡೆ ತಾನೇ ಓದಿ ತಾನೇ ಕಳಿಸುವ ಯಂತ್ರ ಬರುತ್ತದೆ, ಓದುವ ಮನುಷ್ಯರು ಬೇಕಾಗುವುದಿಲ್ಲ ಅಂತ, ನಾನು ರಾತ್ರಿ ಊಟದ ಹೊತ್ತಿಗೆ ಒಂದೇ ಸಮ ಮಾತಾಡಿದೆ, ಯಂತ್ರಕ್ಕೆ ಏನು ಗೊತ್ತು, ಇಪ್ಪತ್ತೆರಡು ವರ್ಷದಲ್ಲಿ ನನ್ನ ರಿಜಿಸ್ಟರಿನಲ್ಲಿ ಒಂದು ಗೀಟು ಇಲ್ಲ, ಒಂದು ತಿದ್ದುಪಡಿ ಇಲ್ಲ, ತೋರಿಸಲಿ ನೋಡೋಣ ಇನ್ನೊಬ್ಬರು, ಇವರು ದಿನವಿಡೀ ಪೋಸ್ಟ್ ವ್ಯಾನ್ ಓಡಿಸಿ ಬಂದು ಸುಸ್ತಾಗಿದ್ದರು, ತಟ್ಟೆಯಿಂದ ತಲೆ ಎತ್ತದೆ ಅಂದರು, ಒಂದು ಯಂತ್ರ ಮಾಡೋ ಕೆಲಸಕ್ಕೆ ಇಷ್ಟೊಂದು ಜಂಬ ಬೇಡ. ಅಷ್ಟೇ. ಆಮೇಲೆ ಅವರಿಗೇ ಗೊತ್ತಾಯಿತು, ಕತ್ತು ಎತ್ತಿದರು, ಹಾಗಲ್ಲ, ನಾನು ಹೇಳಿದ್ದು — ಹೇಳಿದ್ದು ಹೇಳಿ ಆಯಿತಲ್ಲ, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು, ನಾನು ತಟ್ಟೆ ಎತ್ತಿಕೊಂಡು ಹೋದೆ. ಅತ್ತೆ ನಮ್ಮಿಬ್ಬರ ನಡುವೆ ಕೂತು ಇಬ್ಬರ ಮುಖವನ್ನೂ ನೋಡದೆ ಊಟ ಮುಗಿಸಿದರು, ಜಾಣೆ. ಆ ಒಂದು ಮಾತನ್ನು ಹದಿನಾರು ದಿನವೂ ಬೆಳಿಗ್ಗೆ ಎದ್ದು ಓದಿದ್ದೇನೆ, ಒಂದು ಯಂತ್ರ ಮಾಡೋ ಕೆಲಸಕ್ಕೆ, ಒಂದು ಯಂತ್ರ ಮಾಡೋ ಕೆಲಸಕ್ಕೆ, ಅದರ ಹಿಂದೆ ಮುಂದೆ ಇಪ್ಪತ್ತೆರಡು ವರ್ಷದಲ್ಲಿ ಇವರು ಆಡಿದ ಒಳ್ಳೆಯ ಮಾತು ಸಾವಿರ ಇದ್ದಾವು, ಒಂದೂ ನೆನಪಿಗೆ ಬರಲೊಲ್ಲದು, ಹಾಗಿದೆ ನನ್ನ ಬುದ್ಧಿ.

ಕಪ್ಪು ಕಡ್ಡಿ. ಕಣ್ಣು ಮುಚ್ಚಿದರೆ ಅದೇ ಬರುತ್ತದೆ, ಗುರುವಾರದಿಂದ, ಪೆಟ್ಟಿಗೆಯೊಳಗೆ ಅಡ್ಡ ಮಲಗಿಸಿದ ಒಂದು ಥರ್ಮಾಮೀಟರು ಇದೆ, ರಾತ್ರಿಯ ಅತಿ ಕಡಿಮೆ ಚಳಿಯಲ್ಲ, ಅತಿ ಹೆಚ್ಚು ಚಳಿ — ಇದನ್ನು ಹೇಳುವಾಗ ಈಗಲೂ ತಡವರಿಸುತ್ತೇನೆ — ಎಷ್ಟು ಕೆಳಗೆ ಇಳಿಯಿತು ಅಂತ ತೋರಿಸುವಂಥದ್ದು, ಒಳಗೆ ಬಣ್ಣವಿಲ್ಲದ ಸ್ಪಿರಿಟ್ಟು, ಅದರೊಳಗೆ ಮುಳುಗಿ ಸೂಜಿಯಷ್ಟು ಗಾತ್ರದ ಕಪ್ಪು ಗಾಜಿನ ಕಡ್ಡಿ, ಚಳಿ ಏರಿದಂತೆ ಸ್ಪಿರಿಟ್ಟು ಹಿಂದೆ ಸರಿಯುತ್ತದೆ, ಸರಿಯುತ್ತಾ ಕಡ್ಡಿಯನ್ನೂ ಎಳೆದುಕೊಂಡು ಹೋಗುತ್ತದೆ, ಮತ್ತೆ ಬೆಚ್ಚಗಾದರೆ ಸ್ಪಿರಿಟ್ಟು ಮಾತ್ರ ಮುಂದೆ ಬರುತ್ತದೆ, ಕಡ್ಡಿ ಬರುವುದಿಲ್ಲ, ಎಲ್ಲಿಯವರೆಗೆ ಎಳೆಸಿಕೊಂಡಿತ್ತೋ ಅಲ್ಲೇ ಬಿದ್ದಿರುತ್ತದೆ. ಬೆಳಿಗ್ಗೆ ಕಡ್ಡಿ ಎಲ್ಲಿದೆ ಓದಬೇಕು, ಬರೆಯಬೇಕು, ಆಮೇಲೆ ಕೊಳವೆಯನ್ನು ಓರೆ ಮಾಡಬೇಕು, ಕಡ್ಡಿ ಜಾರಿ ಸ್ಪಿರಿಟ್ಟಿನ ಅಂಚಿಗೆ ಬಂದು ನಿಲ್ಲುತ್ತದೆ, ಮುಂದಿನ ರಾತ್ರಿಗೆ ತಯಾರು, ಇಷ್ಟೇ, ಮಗುವೂ ಮಾಡಬಹುದು, ಓರೆ ಮಾಡದಿದ್ದರೆ ಮಾತ್ರ ಕಡ್ಡಿ ನಿನ್ನೆಯ ಚಳಿಯನ್ನೇ ಇವತ್ತಿನದು ಅಂತ ತೋರಿಸುತ್ತಾ ಮಲಗಿರುತ್ತದೆ, ಅದಕ್ಕೆ ತಪ್ಪಿಲ್ಲ, ಅದಕ್ಕೆ ಯಾರೂ ಹೇಳಿಲ್ಲವಲ್ಲ. ಈ ಅಂಕಿಯ ಮೇಲೆ ಊರಿಗೆ ಒಂದು ದಾರಿ ನಿಂತಿದೆ, ಊರಿನ ಪಕ್ಕದ ಕೆರೆ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆಯೇ ಆಚೆ ದಡಕ್ಕೆ ಹನ್ನೊಂದು ಕಿಲೋಮೀಟರು, ಇಲ್ಲವಾದರೆ ಗುಡ್ಡ ಸುತ್ತಿ ತೊಂಬತ್ತು, ಚಳಿಗಾಲಕ್ಕೆ ಆ ದಾರಿ ತೆರೆಯಬೇಕಾದರೆ ಮೈನಸ್ ಹತ್ತಕ್ಕಿಂತ ಕೆಳಗೆ ಆರು ರಾತ್ರಿ ಆಗಬೇಕು, ಆರೂ ಒಂದರ ಹಿಂದೆ ಒಂದು, ನಡುವೆ ಒಂದು ರಾತ್ರಿ ಬೆಚ್ಚಗಾದರೂ ಲೆಕ್ಕ ಮತ್ತೆ ಒಂದರಿಂದ, ಯಾಕೆಂದರೆ ದಡದ ಹತ್ತಿರ ಕೊರೆದು ನೋಡಬಹುದು, ನಡುವೆ ಹೊಳೆ ಬಂದು ಸೇರುವ ಜಾಗದಲ್ಲಿ ಯಾರು ಹೋಗಿ ಕೊರೆಯುತ್ತಾರೆ, ಅಲ್ಲಿಗೆ ನನ್ನ ಅಂಕಿಯೇ ಗತಿ, ಗೇಟಿನಲ್ಲಿ ಕೂರುವ ಗೇಟಣ್ಣನಿಗೆ ನಾನು ಫೋನ್ ಮಾಡುತ್ತೇನೆ, ಅವನು ದಾರಿಗೆ ಅಡ್ಡ ಹಾಕಿದ ಕಂಬ ಎತ್ತುತ್ತಾನೆ, ಮೊದಲು ಹೋಗುವುದು ಪೋಸ್ಟ್ ವ್ಯಾನ್, ಅದು ಆಚೆ ದಡ ಮುಟ್ಟಿ ಎರಡು ಸಲ ದೀಪ ಮಿಣುಕಿಸಿದ ಮೇಲೆಯೇ ಉಳಿದವರು, ಇದು ನನಗಿಂತ ಹಳೆಯ ಪದ್ಧತಿ. ಪೋಸ್ಟ್ ವ್ಯಾನ್ ಅಂದರೆ ಇವರು. ನಾನು ಅಂಕಿ ಹೇಳುತ್ತೇನೆ, ಇವರು ಅದರ ಮೇಲೆ ಗಾಡಿ ಓಡಿಸುತ್ತಾರೆ, ಹತ್ತೊಂಬತ್ತು ಚಳಿಗಾಲ ಹಾಗೇ ನಡೆದಿದೆ, ನಾನು ಒಂದು ದಿನವೂ ಹೆದರಿದವಳಲ್ಲ, ನನ್ನ ಅಂಕಿ ನನಗೆ ಗೊತ್ತು ಅಂತ.

ಬುಧವಾರ ಐದನೆಯ ಬೆಳಗು, ಕಡ್ಡಿ ಹದಿನಾಲ್ಕರಲ್ಲಿತ್ತು, ಉಸಿರು ಬಿಟ್ಟರೆ ಮೀಸೆಯಿಲ್ಲದ ನನಗೂ ಮೀಸೆ ಬರುವಂಥ ಚಳಿ, ಕೈಗವಸಿನೊಳಗೆ ಪೆನ್ನು ಹಿಡಿಯಲು ಆಗುವುದಿಲ್ಲ ಅಂತ ಬರಿಗೈಯಲ್ಲಿ ಬರೆದೆ, ಮೈನಸ್ ಹದಿನಾಲ್ಕು, ಬರೆದು ಕೊಳವೆಗೆ ಕೈ ಹಾಕಬೇಕು, ಅಷ್ಟರಲ್ಲಿ ಹಿಂದಿನಿಂದ, ಅಂಗಳದ ಮೂಲೆಯಿಂದ, ವ್ಯಾನಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದ ಇವರು ಕೆರೆಯುವುದನ್ನು ನಿಲ್ಲಿಸಿ ಅಂದರು, ಕೈಗವಸು ಹಾಕ್ಕೊ. ಹದಿಮೂರು ದಿನದಲ್ಲಿ ಮೊದಲ ಮಾತು. ಅದೂ ಎಂಥ ಮಾತು, ಕೈಗವಸು ಹಾಕ್ಕೊ, ಕ್ಷಮಿಸು ಅಲ್ಲ, ತಪ್ಪಾಯ್ತು ಅಲ್ಲ, ಕೈಗವಸು, ನನಗೆ ಅಳುವೂ ಬಂತು ಸಿಟ್ಟೂ ಬಂತು, ಯಾವುದು ಮೊದಲು ಬಂತೋ ಗೊತ್ತಿಲ್ಲ, ತಿರುಗಿ ನೋಡಲಿಲ್ಲ, ನೋಡಿದರೆ ಸೋತೆ ಅಂತ ಆಗುತ್ತದಲ್ಲ, ಪೆಟ್ಟಿಗೆಯ ಬಾಗಿಲನ್ನು ಧಡಾರನೆ ಹಾಕಿದೆ, ಚಿಲಕ ಜಡಿದೆ, ಒಳಗೆ ಹೋದೆ, ಬಾಗಿಲ ಹಿಂದೆ ನಿಂತು ಬೆರಳಿಗೆ ಉಸಿರು ಊದಿಕೊಂಡೆ, ಆ ಇಡೀ ದಿನ ಪಾತ್ರೆ ತೊಳೆಯುವಾಗಲೂ ಹಿಮ ಗುಡಿಸುವಾಗಲೂ ಕೈಗವಸು ಹಾಕ್ಕೊ, ಕೈಗವಸು ಹಾಕ್ಕೊ. ಕಡ್ಡಿ ಹದಿನಾಲ್ಕರಲ್ಲೇ ಮಲಗಿತ್ತು. ಬಾಗಿಲು ಹಾಕಿದ ಕತ್ತಲಲ್ಲಿ, ಹದಿನಾಲ್ಕರಲ್ಲಿ, ಓರೆ ಮಾಡುವ ಕೈಗೆ ಕಾಯುತ್ತಾ.

ಗುರುವಾರ ಬೆಳಿಗ್ಗೆ ಏಳಕ್ಕೆ ಪೆಟ್ಟಿಗೆ ತೆರೆದಾಗ ಸೂರಿನಿಂದ ಸಾಲಾಗಿ ಹಿಮದ ಕೋಲುಗಳು ತೂಗುತ್ತಿದ್ದವು, ಬುಧವಾರ ಇರಲಿಲ್ಲ, ಬಿಸಿಲಿಗೆ ಹೊಳೆಯುತ್ತಿದ್ದವು, ಎಷ್ಟು ಚೆನ್ನಾಗಿವೆ ಅಂದುಕೊಂಡೆ — ಇಪ್ಪತ್ತೆರಡು ವರ್ಷದ ಅನುಭವ ಇರುವವಳು, ನೀರು ಹರಿಯದೆ ಹಿಮದ ಕೋಲು ಹುಟ್ಟುವುದಿಲ್ಲ ಅಂತ ಶಾಲೆಯ ಮಕ್ಕಳಿಗೆ ಪಾಠ ಹೇಳುವವಳು, ನಿಂತು ಎಷ್ಟು ಚೆನ್ನಾಗಿವೆ ಅಂದುಕೊಂಡೆ. ಕಡ್ಡಿ ಹದಿನಾಲ್ಕು. ನಿನ್ನೆಯದೇ ಅಂಕಿ, ಇರಲಿ, ಚಳಿಗೂ ಒಮ್ಮೊಮ್ಮೆ ಸೋಮಾರಿತನ, ಬರೆದೆ, ಅವತ್ತು ಓರೆ ಮಾಡಿದೆ, ಅಭ್ಯಾಸ ಬಲ ನೋಡಿ, ಬೇಕಾದ ದಿನ ಬಿಟ್ಟು ಮಾರನೆಯ ದಿನ ಕೈ ತಾನಾಗಿ ಮಾಡಿತು, ಇದ್ದ ಒಂದು ಸಾಕ್ಷಿಯನ್ನೂ ಜಾರಿಸಿಬಿಟ್ಟಿತು. ಹಾಲ್‌ಗೆ ಬಂದು ಫೋನ್ ಎತ್ತಿದೆ, ಇವರು ಬಾಗಿಲ ಬಳಿ ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದರು, ಗೇಟಣ್ಣ, ಆರನೇ ರಾತ್ರಿ, ಮೈನಸ್ ಹದಿನಾಲ್ಕು, ಅತ್ತ ಕಡೆಯಿಂದ ಸರಿ ಅಕ್ಕ, ಕಂಬ ಎತ್ತುತೀನಿ ಹಾಗಾದ್ರೆ, ಲೇಸು ಕಟ್ಟುವ ಕೈ ನಿಂತಿತು, ನಾನು ಕಂಡೆ, ನಿಂತಿತು, ಇವರು ತಲೆ ಎತ್ತಿ ನನ್ನನ್ನು ನೋಡಿದರು, ಬಾಯಿ ತೆರೆದರು, ಮುಚ್ಚಿದರು, ನಾನು ಅಂದುಕೊಂಡೆ ಕೈಗವಸಿನ ಮಾತಿಗೆ ಉತ್ತರ ಬೇಕಾಗಿದೆ ಇವರಿಗೆ, ಕೊಡುವುದಿಲ್ಲ, ಇನ್ನೂ ಒಂದೆರಡು ದಿನ ಬೇಯಲಿ. ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರ ಏನೋ ಗೊಣಗಿದರು, ಹೊರಟರು, ವ್ಯಾನಿನ ಸದ್ದು ಬೀದಿಯ ತಿರುವಿನಲ್ಲಿ ಹೋಯಿತು. ಅತ್ತೆ ಬ್ರೆಡ್ಡನ್ನು ಹಾಲಿನಲ್ಲಿ ಅದ್ದುತ್ತಾ, ನನ್ನ ಮುಖ ನೋಡದೆ, ರಾತ್ರಿಯೆಲ್ಲ ಸೂರು ತೊಟ್ಟಿಕ್ಕುತಾ ಇತ್ತು ಕಣೇ, ಟಪ್ ಟಪ್ ಟಪ್, ಕಣ್ಣು ಮುಚ್ಚೋಕಾಗಲಿಲ್ಲ, ನಿನಗೆ ಕೇಳಿಸಲಿಲ್ಲವಾ. ನನ್ನ ಕೋಣೆ ಬೀದಿ ಕಡೆ ಅತ್ತೆ, ಅಂತ ಹೇಳುತ್ತಾ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದೆ, ಲೋಟ ತುಂಬಿತು, ಉಕ್ಕಿತು, ಮೇಜಿನ ಮೇಲೆ ಹರಿಯಿತು — ತೊಟ್ಟಿಕ್ಕುತ್ತಿತ್ತು, ರಾತ್ರಿಯೆಲ್ಲ, ಮೈನಸ್ ಹದಿನಾಲ್ಕರಲ್ಲಿ ಯಾವ ಸೂರು ತೊಟ್ಟಿಕ್ಕುತ್ತದೆ, ರಾತ್ರಿ ಮೋಡ ಕವಿದಿದೆ, ಬೆಚ್ಚನೆಯ ಗಾಳಿ ಬಂದು ಹೋಗಿದೆ, ಬೆಳಗಿನ ಜಾವಕ್ಕೆ ಏನೂ ಆಗಿಲ್ಲ ಅನ್ನುವಂತೆ ಆಕಾಶ ತೆರೆದು ಮತ್ತೆ ಚಳಿ ಬಿದ್ದಿದೆ, ಕಡ್ಡಿ ಯಾಕೆ ಹೇಳಲಿಲ್ಲ, ಕಡ್ಡಿ ಯಾಕೆ — ಬುಧವಾರದ ನನ್ನ ಬರಿಗೈ, ಚಿಲಕ, ಧಡಾರ್, ಓರೆ ಮಾಡಿದೆನಾ, ಬೆರಳುಗಳನ್ನು ಕೇಳಿದೆ, ಬೆರಳುಗಳಿಗೆ ನೆನಪಿಲ್ಲ, ಇಪ್ಪತ್ತೆರಡು ವರ್ಷದ ಪ್ರತಿ ಬೆಳಗೂ ಬೆರಳಲ್ಲಿದೆ, ಬುಧವಾರದ್ದು ಇಲ್ಲ. ಎದೆ ಝಲ್ಲೆಂದಿತು ಅನ್ನುತ್ತಾರೆ, ನನಗೆ ಹಾಗೇನೂ ಆಗಲಿಲ್ಲ, ಕಿವಿ ಮುಚ್ಚಿಕೊಂಡಿತು ಅಷ್ಟೇ, ಅತ್ತೆಯ ಬಾಯಿ ಆಡುತ್ತಿದೆ, ಮಾತಿಲ್ಲ. ಗೇಟಿಗೆ ಫೋನ್, ಬಡಿದುಕೊಳ್ಳುತ್ತಿದೆ, ಎತ್ತುವವರಿಲ್ಲ, ಅವನು ಹೊರಗೆ ಕಂಬದ ಹತ್ತಿರ ಇರುತ್ತಾನೆ, ಇವರ ಫೋನ್ ಚಾರ್ಜಿಗೆ ಹಾಕಿದ್ದು ಹಾಲ್‌ನಲ್ಲೇ ಕೂಗುತ್ತಿದೆ, ಮರೆತು ಹೋಗಿದ್ದಾರೆ, ಓಡಿದೆ.

ಒಂದೂವರೆ ಕಿಲೋಮೀಟರು ಹೇಗೆ ಓಡಿದೆನೋ, ಒಂದು ಕಾಲಿಗೆ ನನ್ನ ಬೂಟು, ಇನ್ನೊಂದಕ್ಕೆ ಅತ್ತೆಯದು, ಬಾಗಿಲಲ್ಲಿ ಯಾವುದು ಸಿಕ್ಕಿತೋ ಅದು, ಔಷಧಿ ಅಂಗಡಿಯವರು ಷಟರ್ ಎತ್ತುತ್ತಾ ಏನಮ್ಮಾ ಏನಾಯ್ತು ಅಂದರು, ಶಾಲೆಯ ಗೋಡೆ, ನಲ್ಲಿ, ಕಟ್ಟಿಗೆ ಡಿಪೋ, ಉಸಿರು ಸಾಲದೆ ಎದೆಯಲ್ಲಿ ಚಾಕು, ಓಡುತ್ತಾ ಲೆಕ್ಕ ಹಾಕುತ್ತೇನೆ, ನಿಲ್ಲಿಸಲಾಗದ ಲೆಕ್ಕ, ಇವರು ಹೊರಟು ಇಪ್ಪತ್ತು ನಿಮಿಷ, ಗೇಟಿಗೆ ಐದು, ಮಂಜುಗಡ್ಡೆಯ ಮೇಲೆ ಗಂಟೆಗೆ ಹದಿನೈದರ ವೇಗ, ಅದೂ ಪದ್ಧತಿ, ಹೊಳೆ ಸೇರುವ ಜಾಗ ನಾಲ್ಕನೇ ಕಿಲೋಮೀಟರಿನಲ್ಲಿ, ಇಪ್ಪತ್ತರಲ್ಲಿ ಐದು ಕಳೆದರೆ ಹದಿನೈದು, ಹದಿನೈದು ನಿಮಿಷಕ್ಕೆ ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರು, ಈಗ, ಈಗ ಅಲ್ಲಿದ್ದಾರೆ, ಈಗ, ನನ್ನ ಹದಿನಾಲ್ಕರ ಮೇಲೆ ಇವರು ಗಾಡಿ ಓಡಿಸುತ್ತಿದ್ದಾರೆ, ಯಂತ್ರ ಇದ್ದಿದ್ದರೆ ಓರೆ ಮಾಡುವುದನ್ನು ಮರೆಯುತ್ತಿತ್ತಾ, ಯಂತ್ರಕ್ಕೆ ಯಾರೂ ಕೈಗವಸು ಹಾಕ್ಕೊ ಅನ್ನುವುದಿಲ್ಲ, ಕಪ್ಪು ಕಡ್ಡಿ, ಕಪ್ಪು ಕಡ್ಡಿ. ಡಿಪೋ ದಾಟಿದರೆ ಇಳಿಜಾರು, ಇಳಿಜಾರಿನಿಂದ ಗೇಟು ಕಾಣುತ್ತದೆ, ಕಂಬ ಎತ್ತಿದೆ, ಮೇಲೆ ಎತ್ತಿದೆ, ಕೆರೆಯ ಮೇಲೆ ಕಣ್ಣು ಹೋದಷ್ಟು ದೂರ ಬಿಳಿ, ವ್ಯಾನಿಲ್ಲ. ಕಾಲು ನಿಂತಿತು. ಅಷ್ಟರಲ್ಲಿ ಕಂಡದ್ದು ಗುರುತುಗಳು, ಹಿಮದ ಮೇಲೆ ಚಕ್ರದ ಗೆರೆಗಳು, ಕಂಬದವರೆಗೆ ಹೋಗಿವೆ, ಕಂಬದ ಅಡಿಯಲ್ಲಿ ನಿಂತಿವೆ, ಅಲ್ಲಿಂದ ದೊಡ್ಡದಾಗಿ ಸುತ್ತು ಹೊಡೆದು, ಪಕ್ಕದ ಗದ್ದೆಯ ಬೇಲಿ ಸವರಿಕೊಂಡು, ವಾಪಸ್ ಬಂದು, ಗುಡ್ಡದ ದಾರಿ ಹಿಡಿದಿವೆ. ವಾಪಸ್. ನಾನು ಅಲ್ಲೇ ಹಿಮದ ಮೇಲೆ ಕೂತುಬಿಟ್ಟೆ, ಬೆಟ್ಟದ ಹಾಗೆ ಬಂದದ್ದು ಮಂಜಿನ ಹಾಗೆ ಕರಗಿತು ಅನ್ನುವುದನ್ನು ಎಷ್ಟು ಸಲ ಸುಮ್ಮನೆ ಆಡಿದ್ದೆ, ಅವತ್ತು ಕೂತಲ್ಲೇ ಅರ್ಥ ಆಯಿತು, ಅಳುತ್ತಿದ್ದೆನೋ ನಗುತ್ತಿದ್ದೆನೋ, ಗೇಟಣ್ಣ ಓಡಿ ಬಂದ, ಏನಕ್ಕ, ಎರಡು ಕಾಲಿಗೆ ಎರಡು ಥರ ಬೂಟು, ಮನೇಲಿ ಯಾರಿಗಾದ್ರೂ ಏನಾದ್ರೂ — ಇವರು ಎಲ್ಲಿ ಗೇಟಣ್ಣ — ಸಾರ್ ಬಂದ್ರು, ಕೆಳಗಿಳಿದ್ರು, ಟೈರು ಒದ್ದು ನೋಡಿದ್ರು, ಇವತ್ತು ಬೇಡ ಕಣೋ, ಗಾಳಿ ಕಮ್ಮಿ ಇದೆ, ಸುತ್ತು ದಾರೀಲೇ ಹೋಗ್ತೀನಿ ಅಂದ್ರು, ಹಾಲಿನ ಲಾರಿ, ಸಿಲಿಂಡರ್ ಲಾರಿ ಎರಡೂ ಹಿಂದೆ ನಿಂತಿದ್ವು, ಅವರು ಬಾಯಿಗೆ ಬಂದಂಗೆ ಬೈದ್ರು, ಪೋಸ್ಟ್ ವ್ಯಾನ್ ಮುಂದೆ ಹೋಗದೆ ಯಾರು ಹೋಗೋಕಾಗುತ್ತಕ್ಕ, ಅವರೂ ತಿರುಗಿಸ್ಕೊಂಡು ಹೋದ್ರು. ಕಂಬ ಇಳಿಸು ಗೇಟಣ್ಣ, ನನ್ನ ಅಂಕಿ ತಪ್ಪು, ಬುಧವಾರ ಓರೆ ಮಾಡಿರಲಿಲ್ಲ, ರಾತ್ರಿ ಎಷ್ಟಿತ್ತು ಅಂತ ನನಗೆ ಗೊತ್ತಿಲ್ಲ. ಅವನು ಟೋಪಿ ತೆಗೆದ, ತಲೆ ಕೆರೆದುಕೊಂಡ, ಮತ್ತೆ ಹಾಕಿಕೊಂಡ, ಹೋಗಿ ಕಂಬ ಇಳಿಸಿದ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಉದ್ದನೆಯ ಕೋಲು ಹಿಡಿದು ಡಿಪೋದ ಇಬ್ಬರ ಜೊತೆ ನಡೆದು ಹೋದ, ಮಧ್ಯಾಹ್ನ ವಾಪಸ್ ಬಂದು ಫೋನ್ ಮಾಡಿದ, ಹೊಳೆ ಹತ್ರ ಕೋಲು ಬೆಣ್ಣೆಗೆ ಹೋದಂಗೆ ಹೋಯ್ತಕ್ಕ. ಆಮೇಲೆ ಅಂದ, ಸಾರ್ ಟೈರಿಗೆ ಒಂದು ಹಾರ ಹಾಕ್ಬೇಕು.

ಹಾರ ಹಾಕುವುದಿರಲಿ, ಗೇಟಣ್ಣ ನನ್ನ ತಪ್ಪನ್ನು ತನ್ನಲ್ಲೇ ಇಟ್ಟುಕೊಂಡ, ವಿಷಯ ತಿಳಿಯದ ಊರು ಇವರ ಕಾಲೆಳೆಯಿತು, ಗಾಳಿ ಕಮ್ಮಿ ಇದ್ದದ್ದು ಟೈರಿಗೋ ಎದೆಗೋ ಸಾರ್ ಅಂತ ಹಾಲಿನ ಲಾರಿಯವನು, ಹತ್ತೊಂಬತ್ತು ವರ್ಷ ಇಲ್ಲದ ಭಯ ಈ ವರ್ಷ ಬಂತಾ, ವಯಸ್ಸಾಯ್ತು ಬಿಡಿ, ಅಂತ ಬ್ರೆಡ್ ಅಂಗಡಿಯವಳು, ಇವರು ಹೌದಮ್ಮ ಹೌದು, ಮಂಡಿ ನೋವೂ ಶುರುವಾಗಿದೆ ಅಂತ ನಕ್ಕು ಬ್ರೆಡ್ ತಂದರು, ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ತೆರೆಯಲಿಲ್ಲ, ನಾಚಿಕೆಯಾಗಬೇಕು ನನಗೆ. ಗುರುವಾರ ಸಂಜೆ ಇವರು ಮನೆಗೆ ಬಂದಾಗ ಬಾಗಿಲಲ್ಲಿ ನಿಂತಿದ್ದೆ, ಕೋಟು ತೆಗೆಯುವುದನ್ನು ನೋಡುತ್ತಾ, ಎರಡು ಕೈ, ಎರಡು ಕಾಲು, ಕಿವಿಯ ಹತ್ತಿರದ ಬಿಳಿ ಕೂದಲು, ಎಲ್ಲ ಇದೆ, ಟೈರಿಗೆ ಗಾಳಿ ಕಮ್ಮಿ ಇತ್ತಂತೆ ಅಂದೆ, ಹೂಂ, ಕಮ್ಮಿ ಇತ್ತು, ಹಾಕಿಸಿದೆ, ಅಂದರು, ನಾನು ಅನ್ನ ಬಡಿಸಿದೆ, ಇವರು ಉಂಡರು, ಹಾಲ್‌ಗೆ ಹೋಗಿ ಮಲಗಿದರು, ಹೇಳಬೇಕಾದದ್ದನ್ನು ಬಿಟ್ಟು ನಾನು ಅವರ ತಟ್ಟೆ ತೊಳೆದಿಟ್ಟೆ. ಶುಕ್ರವಾರ ಮಳೆ ಹೊಯ್ಯಿತು, ತಗಡಿನ ಮೇಲೆ ಬೀಳುವ ಒಂದೊಂದು ಹನಿಗೂ ನನಗೆ ಬಿಡುಗಡೆ, ಬಾ, ಇನ್ನೂ ಬಾ, ಕರಗಿಸು, ದಾರಿ ಬೇಡ ಈ ವರ್ಷ. ನಿನ್ನೆ ಮಂಜು ಮಧ್ಯಾಹ್ನಕ್ಕೆ ಹರಿಯಿತು, ಅತ್ತೆಯನ್ನು ಕೈಹಿಡಿದು ಇಳಿಜಾರಿನವರೆಗೆ ಕರೆದುಕೊಂಡು ಹೋದೆ, ಅವರಿಗೆ ಮಂಡಿಗೆ ವ್ಯಾಯಾಮ ಆಗಬೇಕು, ನನಗೆ ನೋಡಬೇಕು, ನಾಲ್ಕನೇ ಕಿಲೋಮೀಟರಿನಲ್ಲಿ ಬಿಳಿಯ ನಡುವೆ ಕಪ್ಪಗೆ ನೀರು ಬಿಟ್ಟುಕೊಂಡಿತ್ತು, ಮೈದಾನದಗಲ, ಇತ್ತ ದಡದ ಬಳಿ ಕರಗಿದ ನೀರಿನಲ್ಲಿ ಎರಡು ಬಾತುಕೋಳಿ ಯಾವ ಚಿಂತೆಯೂ ಇಲ್ಲದೆ ತೇಲುತ್ತಿದ್ದವು. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು, ಆಮೇಲೆ ಅಂದರು, ಟೈರು ಹೊಸದು ಕಣೇ. ಅಂದರೆ. ಹೋದ ತಿಂಗಳು ಹಾಕಿಸಿದ್ದು, ನಾಲ್ಕೂ, ನೀನೇ ಟಾರ್ಚು ಹಿಡಿದುಕೊಂಡು ನಿಂತಿದ್ದೆಯಲ್ಲ ಅಂಗಳದಲ್ಲಿ. ನಿಂತಿದ್ದೆ. ಹೌದು, ನಿಂತಿದ್ದೆ, ಬೆರಳು ಮರಗಟ್ಟಿ ಟಾರ್ಚು ಬೀಳಿಸಿದ್ದೆ ಕೂಡ. ಅತ್ತೆ ಮುಂದುವರಿಸಿದರು, ಬುಧವಾರ ರಾತ್ರಿ ಅವನಿಗೂ ನಿದ್ದೆ ಇಲ್ಲ, ಎದ್ದು ನನ್ನ ಕೋಣೆಗೆ ಬಂದು, ಅಮ್ಮಾ, ಸೂರು ತೊಟ್ಟಿಕ್ಕೋದು ನಿನಗೂ ಕೇಳಿಸ್ತಾ ಇದೆಯಾ ಅಂದ, ಬೆಳಿಗ್ಗೆ ನೀನು ಫೋನಲ್ಲಿ ಹದಿನಾಲ್ಕು ಅಂದೆಯಲ್ಲ, ಅಡುಗೆಮನೆಗೆ ಬಂದು ಕಿವಿಯಲ್ಲಿ ಹೇಳಿದ, ಅವಳ ಅಂಕಿ ತಪ್ಪಾಗಿದೆ, ನಾನು ಹೇಳಿದರೆ ಗಾಯದ ಮೇಲೆ ಉಪ್ಪು ಹಾಕಿದಂಗೆ ಆಗುತ್ತೆ, ನಾನಂತೂ ಹೋಗಲ್ಲ, ನಾನು ಹೋಗದಿದ್ರೆ ಯಾರೂ ಹೋಗಲ್ಲ, ಅವಳಿಗೆ ಅವಳೇ ಗೊತ್ತುಮಾಡಿಕೊಳ್ಳಲಿ, ನೀನು ಅಂಕಿ ವಿಷಯ ಎತ್ತಬೇಡ ಅಂತ. ನಾನೆಲ್ಲಿ ಎತ್ತಿದೆ, ನಾನು ಸೂರಿನ ವಿಷಯ ಹೇಳಿದೆ ಅಷ್ಟೇ, ಅಂತ ಅತ್ತೆ ಕೋಲನ್ನು ಹಿಮದಲ್ಲಿ ಊರಿ ತಿರುಗಿದರು, ನಡಿ, ಕಾಲು ಹಿಡೀತಾ ಇದೆ, ನಾಳೆ ಮತ್ತೆ ಬಿಸಿಲು, ಬರೆದಿಟ್ಟುಕೊ.

ಬಿಸಿಲು ಬಂದಿದೆ, ಮಂಡಿ ಗೆದ್ದಿತು, ಏಳು ಹೊಡೆಯಿತು. ಬಾಗಿಲು ತೆರೆದೆ, ಕಡ್ಡಿ ಸೊನ್ನೆಗಿಂತ ಎರಡು ಗೀಟು ಕೆಳಗೆ, ಬರೆದೆ, ಮೈನಸ್ ಎರಡು, ಬರೆದ ಕೈ ಪುಟದ ಮೇಲೇ ನಿಂತಿತು, ಮೂರು ಸಾಲು ಮೇಲೆ ಗುರುವಾರ, ಮೈನಸ್ ಹದಿನಾಲ್ಕು, ನನ್ನ ದುಂಡಗಿನ ಅಕ್ಷರದಲ್ಲಿ, ನೋಡಿದವರಿಗೆ ಸತ್ಯದ ಹಾಗೇ ಕಾಣುವ ಸುಳ್ಳು, ಮೂರು ದಿನ ಅದನ್ನು ಹಾಗೇ ಬಿಟ್ಟಿದ್ದೆ, ನಾಳೆ, ನಾಳೆ ಅಂತ. ನಮ್ಮಲ್ಲಿ ಅಳಿಸುವಂತಿಲ್ಲ, ಒಂದೇ ಗೀಟು ಎಳೆಯಬೇಕು, ಕೆಳಗಿನ ತಪ್ಪು ಓದಲು ಬರಬೇಕು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು, ಸರಿಯಾದದ್ದು ಯಾವುದು, ಆ ರಾತ್ರಿ ಎಷ್ಟಿತ್ತು ಅಂತ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ, ತೊಟ್ಟಿಕ್ಕುತ್ತಿತ್ತು ಅಂತ ಇಬ್ಬರಿಗೆ ಗೊತ್ತು, ತಾಯಿಗೆ, ಮಗನಿಗೆ. ಗೀಟು ಎಳೆದೆ. ಇಪ್ಪತ್ತೆರಡು ವರ್ಷದ ಮೊದಲ ಗೀಟು, ಅಭ್ಯಾಸವಿಲ್ಲದೆ ಸ್ವಲ್ಪ ಸೊಟ್ಟಗಾಯಿತು, ಪಕ್ಕದಲ್ಲಿ ಬರೆದೆ, ಓರೆ ಮಾಡಲು ಮರೆತದ್ದು, ಅಂಕಿ ಇಲ್ಲ, ಸಹಿ, ಬರೆದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ, ಸೂರಿನಿಂದ ಇನ್ನೊಂದು ಹನಿ ಬಿತ್ತು ಅಷ್ಟೇ, ಮೈ ಹಗುರಾಗಿ ಹಸಿವಾಯಿತು. ಹಿತ್ತಿಲ ಬಾಗಿಲು ಕಿರ್ ಅಂದಿತು, ಇವರು, ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ನನ್ನ ಕೈಗವಸು, ಎರಡನ್ನೂ ಚಾಚಿಕೊಂಡು ನಿಂತಿದ್ದಾರೆ, ರಿಜಿಸ್ಟರನ್ನು ಅವರ ಮುಂದೆ ಹಿಡಿದೆ, ಓದಿದರು, ಮತ್ತೊಮ್ಮೆ ಓದಿದರು, ಗೀಟು ಸೊಟ್ಟಗಾಗಿದೆಯಲ್ಲೇ ಅಂದರು. ಸೊಟ್ಟಗಾಗಲಿ. ಟೈರು ಹೊಸದಂತಲ್ಲ ರೀ. ಇವರು ಕೆರೆಯ ದಿಕ್ಕಿಗೆ ನೋಡಿದರು, ಅಮ್ಮನ ಬಾಯಲ್ಲಿ ಒಂದು ಮಾತು ನಿಲ್ಲಲ್ಲ. ಬೆಳಿಗ್ಗೆಯೇ ಹೇಳಬಹುದಿತ್ತಲ್ಲ ರೀ ನೀವು. ಹೇಳಬಹುದಿತ್ತು, ಒಂದು ಸಲ ಬಾಯಿ ಬಿಟ್ಟು ಹದಿನಾರು ದಿನ ಸೋಫಾದ ಮೇಲೆ ಮಲಗಿದೀನಿ, ಇನ್ನೊಂದು ಸಲ ಬಿಟ್ಟರೆ ಅಂಗಳದಲ್ಲೇ ಮಲಗಬೇಕಾಗ್ತಿತ್ತು. ನಗು ಬಂತು, ಅಳುವೂ ಬಂತು, ಈ ಸಲ ಯಾವುದು ಮೊದಲು ಬಂತು ಅಂತ ನೋಡಲಿಲ್ಲ, ಕೈಗವಸು ಹಾಕಿಕೊಂಡೆ, ದಪ್ಪ ಬೆರಳಲ್ಲಿ ಕೊಳವೆ ಹಿಡಿಯಲು ಬರುವುದಿಲ್ಲ, ರೀ, ನೀವೇ ಓರೆ ಮಾಡಿ, ಇಪ್ಪತ್ತೆರಡು ವರ್ಷ ಈ ಪೆಟ್ಟಿಗೆಯ ಹತ್ತಿರ ಯಾರನ್ನೂ ಬಿಟ್ಟವಳಲ್ಲ ನಾನು, ಇವರು ಪ್ಯಾಂಟಿಗೆ ಕೈ ಒರೆಸಿಕೊಂಡು, ಕೂಸನ್ನು ಎತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಿ, ಹೀಗಾ, ಇನ್ನೂ ಸ್ವಲ್ಪ, ಕೊಳವೆಯ ತುದಿಯ ಗುಂಡು ಬುರುಡೆ ಇರುವ ಕಡೆ ಮೇಲೆ, ಹೂಂ, ಕಡ್ಡಿ ಅಲುಗಿತು, ಜಾರಿತು, ಸ್ಪಿರಿಟ್ಟಿನ ಅಂಚಿಗೆ ಹೋಗಿ ನಿಂತಿತು. ಇಷ್ಟೇನಾ, ಅಂದರು. ಇಷ್ಟೇ. ಇವರು ಕೊಳವೆಯನ್ನು ಮಲಗಿಸಿ, ಚಹಾ ಆರುತ್ತೆ ಬಾ, ಅಂತ ಒಳಗೆ ಹೋಗುತ್ತಿದ್ದಾರೆ, ಬಾಗಿಲು ಹಾಕಬೇಕು, ಹಾಕಿದೆ, ಚಿಲಕ, ಎರಡು ಹೆಜ್ಜೆ — ಓರೆ ಮಾಡಿ ಆಯಿತಲ್ಲ, ಆಯಿತು, ಕಣ್ಣಾರೆ ನೋಡಿದೆ, ಆದರೂ ತಿರುಗುತ್ತೇನೆ, ಚಿಲಕ ತೆಗೆಯುತ್ತೇನೆ, ಕಪ್ಪು ಕಡ್ಡಿ, ಅಂಚಿನಲ್ಲಿದೆ, ಹಾಕುತ್ತೇನೆ, ಒಳಗಿನಿಂದ ಇವರ ಕೆಮ್ಮು, ಒಂದು ಹೆಜ್ಜೆ, ಮತ್ತೆ ತೆಗೆಯುತ್ತೇನೆ, ಕಪ್ಪು ಕಡ್ಡಿ, ಅಂಚಿನಲ್ಲೇ ಇದೆ, ಕಡ್ಡಿ —